ತೊಟ್ಟಿಯಲ್ಲಿ ಅರ್ಧ ಕಿಲೋ ಕಲ್ಲು

ಮಕ್ಕಳೇ, ಸ್ನಾನಕ್ಕೆ ಹೋದಾಗ ಒಮ್ಮೆ ತಲೆಯೆತ್ತಿ ಷವರನ್ನು ನೋಡಿ. ಬೋರ್‌ವೆಲ್ ನೀರಿನ ಮನೆಯಾದರೆ ಅದರ ಎಷ್ಟೋ ತೂತುಗಳು ಬಿಳಿ ಪುಡಿ ಕಟ್ಟಿ ಮುಚ್ಚಿಕೊಂಡಿರುತ್ತವೆ. ನಲ್ಲಿಯ ಮೂತಿಗೂ ಅದೇ ಬಿಳಿ, ಬಕೆಟ್ಟಿನ ಒಳಮೈಗೂ ಅದೇ ಬಿಳಿ. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತದೆ. ಆ ಚಕ್ಕೆಯ ಮೇಲೆ ಒಂದು ಹನಿ ನಿಂಬೆರಸ ಬಿಡಿ. ಪುಟ್ಟ ಪುಟ್ಟ ಗುಳ್ಳೆಗಳು ಏಳುತ್ತವೆ. ಸುಣ್ಣದ ಕಲ್ಲಿನ ಮೇಲೆ ಹುಳಿ ಬಿದ್ದರೆ ಹೀಗೇ ಆಗುವುದು. ಹೌದು, ಷವರಿನ ಬಾಯಿ ಕಟ್ಟಿದ್ದು ಸುಣ್ಣದ ಕಲ್ಲೇ.

ಬೆಂಗಳೂರಿನ ಅಂಚಿನಲ್ಲಿರುವ ನಮ್ಮ ಮನೆಗೆ ಕಾವೇರಿ ನೀರು ಇನ್ನೂ ಬಂದಿಲ್ಲ. ಬೋರ್‌ವೆಲ್ಲೇ ಗತಿ. "ಈ ನೀರಲ್ಲಿ ಬೇಳೆ ಬೇಯಲ್ಲ ಕಣಮ್ಮ" ಎಂದು ಅತ್ತೆ ದಿನಾ ಹೇಳುತ್ತಿದ್ದರು. ಆ ಮಾತು ವಿಜ್ಞಾನಕ್ಕೂ ಒಪ್ಪುತ್ತದೆ. ಬೇಳೆಯ ಕಣಗಳನ್ನು ಪೆಕ್ಟಿನ್ ಎಂಬ ಅಂಟು ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಬೇಯುವುದು ಎಂದರೆ ಆ ಅಂಟು ಸಡಿಲವಾಗುವುದು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಅಂಟಿಗೆ ಸೇರಿ ಇನ್ನಷ್ಟು ಬಿಗಿ ಮಾಡುತ್ತದೆ. ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಇಂಥ ನೀರಿಗೆ ಗಡಸು ನೀರು ಎಂದು ಹೆಸರು.

ಕೊನೆಗೆ ಇಡೀ ಮನೆಯ ನೀರನ್ನೇ ಶುದ್ಧ ಮಾಡುವ ಫಿಲ್ಟರ್ ಹಾಕಿಸೋಣ ಎಂದುಕೊಂಡೆವು. ನೀರು ನೋಡಲು ಬಂದ ಅಣ್ಣ ಒಂದು ಪುಟ್ಟ ಸೀಸೆಗೆ ನೀರು ತುಂಬಿ, ಹನಿ ಹನಿಯಾಗಿ ಔಷಧಿ ಬಿಟ್ಟು, ಗುಲಾಬಿ ಬಣ್ಣ ನೀಲಿಗೆ ತಿರುಗುವವರೆಗೆ ಎಣಿಸಿದರು. "ಲೀಟರಿಗೆ 500 ಮಿಲಿಗ್ರಾಂ ಗಡಸುತನ" ಎಂದರು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳುವ ಒಳ್ಳೆಯ ಮಿತಿ 200. ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ.

ನಮ್ಮ ಪುಟ್ಟಿ ಲೋಟದ ನೀರನ್ನು ಬೆಳಕಿಗೆ ಹಿಡಿದು, "ಇಷ್ಟು ತಿಳಿಯಾಗಿದೆಯಲ್ಲಮ್ಮಾ, ಕಲ್ಲು ಎಲ್ಲಿದೆ?" ಎಂದಳು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಲೀಟರಿಗೆ 500 ಮಿಲಿಗ್ರಾಂ ಎಂದರೆ 1000 ಲೀಟರಿನ ತೊಟ್ಟಿಗೆ 500 ಗ್ರಾಂ. ತಾರಸಿಯ ಮೇಲಿನ ಕರಿ ತೊಟ್ಟಿಯಲ್ಲಿ, ಕಣ್ಣಿಗೆ ಕಾಣದ ಹಾಗೆ, ಅರ್ಧ ಕಿಲೋ ಸುಣ್ಣದ ಕಲ್ಲಿನಷ್ಟು ಗಡಸುತನ!

ಅದು ಅಲ್ಲಿಗೆ ಬಂದದ್ದು ಹೇಗೆ? ಮಳೆ ನೀರು ಮಣ್ಣಿಗೆ ಇಳಿಯುವಾಗ ಅಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಕೊಂಚ ಹುಳಿಯಾಗುತ್ತದೆ. ಸೋಡಾ ಕುಡಿಯುವಾಗ ನಾಲಗೆಗೆ ಚುರುಕೆನ್ನುತ್ತದಲ್ಲ, ಆ ಹುಳಿಯೇ, ಅದಕ್ಕಿಂತ ಬಹಳ ಮೃದು. ಆ ಹುಳಿ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಗೀಸರಿನಲ್ಲಿ ಇದೇ ಕಥೆ ಹಿಂದಕ್ಕೆ ಓಡುತ್ತದೆ. ನೀರು ಕಾದಾಗ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಕರಗಿದ್ದ ಕಲ್ಲು ಮತ್ತೆ ಕಲ್ಲಾಗಿ ಕಾಯಿಲ್ ಮೇಲೆ ಕೂರುತ್ತದೆ.

ಫಿಲ್ಟರ್ ಬಂದ ದಿನ ಪುಟ್ಟಿ ಸ್ಕೂಲಿಂದ ಓಡಿ ಬಂದಳು. ಸಂಪಿನ ಪಕ್ಕ, ಪಂಪಿನಿಂದ ಮೇಲಿನ ತೊಟ್ಟಿಗೆ ಹೋಗುವ ಪೈಪಿನಲ್ಲಿ, ಅವಳಿಗಿಂತ ಎತ್ತರದ ಮೂರು ಸಿಲಿಂಡರುಗಳು ನಿಂತಿದ್ದವು.

ಮೊದಲನೆಯದರಲ್ಲಿ ಮರಳು. ಕೆಸರು, ತುಕ್ಕಿನ ಚೂರು ಅಲ್ಲೇ ಸಿಕ್ಕಿಬೀಳುತ್ತವೆ. ವಾರಕ್ಕೊಮ್ಮೆ ಮೇಲಿನ ಹಿಡಿಯನ್ನು ತಿರುಗಿಸಿದರೆ ನೀರು ಕೆಳಗಿನಿಂದ ಮೇಲಕ್ಕೆ ಹರಿದು ಮರಳನ್ನು ತೊಳೆಯುತ್ತದೆ. ಚಹದ ಬಣ್ಣದ ನೀರು ಚರಂಡಿಗೆ ಹೋಗುತ್ತದೆ.

ಎರಡನೆಯದರಲ್ಲಿ ತೆಂಗಿನ ಚಿಪ್ಪು ಸುಟ್ಟು ಮಾಡಿದ ಇದ್ದಿಲು. ಬರೀ ಇದ್ದಿಲಲ್ಲ, ಬಿಸಿ ಹಬೆಯಲ್ಲಿ ಹದ ಮಾಡಿ ಲೆಕ್ಕವಿಲ್ಲದಷ್ಟು ತೂತು ತೆರೆದ ಇದ್ದಿಲು. ಒಂದೇ ಒಂದು ಗ್ರಾಂ ತೆಗೆದುಕೊಂಡು ಆ ತೂತುಗಳ ಒಳಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆದೀತು. ನಮ್ಮೂರಿನ ಲೆಕ್ಕದಲ್ಲಿ 30–40 ಅಡಿಯ ಒಂಬತ್ತು ಸೈಟು! ಕೆಟ್ಟ ವಾಸನೆ ಈ ಗೋಡೆಗಳಿಗೆ ಅಂಟಿಕೊಳ್ಳುತ್ತದೆ, ಕ್ಲೋರಿನ್ ಇದ್ದರೆ ಅದೂ ಇಲ್ಲೇ ಕಳೆದುಹೋಗುತ್ತದೆ.

ಆದರೆ ನಮ್ಮ ಅರ್ಧ ಕಿಲೋ ಕಲ್ಲು ಇವೆರಡನ್ನೂ ದಾಟಿ ಹೋಗುತ್ತದೆ. ಉಪ್ಪು ಕರಗಿದ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಉಪ್ಪು ಬಟ್ಟೆಯಲ್ಲಿ ಉಳಿಯುತ್ತದೆಯೇ? ಇದೂ ಹಾಗೆಯೇ. ಕರಗಿದ್ದನ್ನು ಸೋಸಲು ಬರುವುದಿಲ್ಲ, ಅದಲುಬದಲು ಮಾಡಬೇಕು. ನನಗೆ ಮೂರರಲ್ಲಿ ಬಹಳ ಇಷ್ಟವಾದದ್ದು ಆ ಕೆಲಸ ಮಾಡುವ ಮೂರನೆಯ ಸಿಲಿಂಡರು.

ಅದರೊಳಗೆ ತುಂಬಿದ್ದು ರೆಸಿನ್. ಅಣ್ಣ ಒಂದು ಚಿಟಿಕೆ ಪುಟ್ಟಿಯ ಅಂಗೈಗೆ ಹಾಕಿದರು. ಜೇನಿನ ಬಣ್ಣದ, ಗಸಗಸೆಯಷ್ಟು ಸಣ್ಣ ಗುಂಡುಗಳು, ಒದ್ದೆಯಾಗಿ ಹೊಳೆಯುತ್ತಿದ್ದವು. ಒಂದೊಂದು ಗುಂಡಿನ ಒಳಗೂ ಋಣ ವಿದ್ಯುದಂಶದ ಅಸಂಖ್ಯ ಗೂಟಗಳಿವೆ ಎಂದುಕೊಳ್ಳಿ. ಪ್ರತಿ ಗೂಟಕ್ಕೂ ಒಂದು ಸೋಡಿಯಂ ತೂಗುಬಿದ್ದಿರುತ್ತದೆ. ಸೋಡಿಯಂಗೆ ಒಂದೇ ಕೈ, ಕ್ಯಾಲ್ಸಿಯಂಗೆ ಎರಡು ಕೈ. ನೀರಿನ ಜೊತೆ ಬಂದ ಕ್ಯಾಲ್ಸಿಯಂ ಎರಡೂ ಕೈ ಚಾಚಿ ಎರಡು ಗೂಟ ಹಿಡಿಯುತ್ತದೆ, ಎರಡು ಸೋಡಿಯಂ ಕೈಬಿಟ್ಟು ನೀರಿಗೆ ಇಳಿಯುತ್ತವೆ. ನೀರು ಮೆದುವಾಯಿತು!

ಗೂಟಗಳೆಲ್ಲ ಕ್ಯಾಲ್ಸಿಯಂನಿಂದ ತುಂಬಿದ ಮೇಲೆ? ಆಗ ಉಪ್ಪು ಬೇಕು, ನಮ್ಮ ಸಾರಿಗೆ ಹಾಕುವ ಉಪ್ಪೇ. ಪಕ್ಕದ ಡ್ರಮ್ಮಿನ ಗಟ್ಟಿ ಉಪ್ಪುನೀರನ್ನು ಸಿಲಿಂಡರಿಗೆ ಹರಿಸುತ್ತಾರೆ. ಜಾತ್ರೆಯ ಜನದ ಹಾಗೆ ಸೋಡಿಯಂ ನುಗ್ಗಿ ಬರುತ್ತದೆ. ಎರಡು ಕೈಯ ಬಲವಿದ್ದರೂ ಕ್ಯಾಲ್ಸಿಯಂ ಆ ನೂಕಿಗೆ ನಿಲ್ಲಲಾರದು. ರೆಸಿನ್ ಮತ್ತೆ ಹೊಸದಾಗುತ್ತದೆ. ಹೊರಬಂದ ಉಪ್ಪುನೀರನ್ನು ಮಾತ್ರ ಗಿಡಗಳಿಗೆ ಹಾಕಬೇಡಿ, ಮಣ್ಣು ಕೆಡುತ್ತದೆ.

ಈ ಅದಲುಬದಲನ್ನು ಮನುಷ್ಯ ಮೊದಲು ಕಲಿತದ್ದು ಹೊಲದ ಮಣ್ಣಿನಿಂದ. ಮಣ್ಣು ಅಮೋನಿಯವನ್ನು ಹಿಡಿದಿಟ್ಟುಕೊಂಡು ಬದಲಿಗೆ ಕ್ಯಾಲ್ಸಿಯಂ ಕೊಡುತ್ತದೆ ಎಂದು ಇಂಗ್ಲೆಂಡಿನ ಜಾನ್ ಥಾಮಸ್ ವೇ 1850ರಲ್ಲಿ ಪ್ರಕಟಿಸಿದರು. ಕೃತಕ ರೆಸಿನ್ ಬಂದದ್ದು 1935ರಲ್ಲಿ, ಆಡಮ್ಸ್ ಮತ್ತು ಹೋಮ್ಸ್ ಎಂಬ ಇಬ್ಬರು ವಿಜ್ಞಾನಿಗಳಿಂದ.

ಹೀಗೆ ಮೆದುವಾದ ನೀರನ್ನು ಕುಡಿಯಬಹುದೇ ಎಂದು ಪುಟ್ಟಿ ಕೇಳಿದಳು. ನಾವು ಕುಡಿಯುವುದಿಲ್ಲ. 500 ಗಡಸುತನ ಪೂರ್ತಿ ತೆಗೆದರೆ ಲೀಟರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ರಕ್ತದೊತ್ತಡ ಇರುವ ಅಜ್ಜಿಗೆ ಅದು ಒಳ್ಳೆಯದಲ್ಲ. ರೋಗಾಣುಗಳೂ ಈ ಫಿಲ್ಟರಿನಿಂದ ಸಾಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಎಷ್ಟೋ ಮಕ್ಕಳ ಹಲ್ಲಿಗೆ ಕಂದು ಕಲೆ ತರುವ ಫ್ಲೋರೈಡನ್ನು ಈ ರೆಸಿನ್ ಹಿಡಿಯಲಾರದು. ಫ್ಲೋರೈಡ್ ಕೂಡ ಋಣ, ಗೂಟವೂ ಋಣ, ಒಂದನ್ನೊಂದು ದೂಡುತ್ತವೆ. ಆದ್ದರಿಂದ ಅಡುಗೆಮನೆಯಲ್ಲಿ ಕುಡಿಯುವ ನೀರಿಗೆ ಬೇರೆಯೇ ಏರ್ಪಾಡು ಮಾಡಿಕೊಂಡಿದ್ದೇವೆ. ನಿಮ್ಮ ಮನೆಯಲ್ಲೂ ಫಿಲ್ಟರ್ ಕೊಳ್ಳುವ ಮುಂಚೆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲು ದೊಡ್ಡವರಿಗೆ ಹೇಳಿ. ಇರುವ ದೋಷ ಯಾವುದು ಎಂದು ಗೊತ್ತಾದರೆ ತಾನೇ ಮದ್ದು?

ನಿಮಗೊಂದು ಕೆಲಸವಿದೆ. ಮುಂದಿನ ಸಲ ಮಳೆ ಚೆನ್ನಾಗಿ ಹಿಡಿದಾಗ, ಮೊದಲ ಹತ್ತು ನಿಮಿಷ ಬಿಟ್ಟು, ಬಯಲಿನಲ್ಲಿ ಪಾತ್ರೆಯಿಟ್ಟು ಮಳೆ ನೀರು ಹಿಡಿಯಿರಿ. ಒಂದು ಬಾಟಲಿಗೆ ಅದನ್ನು, ಇನ್ನೊಂದಕ್ಕೆ ಬೋರ್ ನೀರನ್ನು ಸಮವಾಗಿ ಹಾಕಿ. ಎರಡಕ್ಕೂ ಸ್ನಾನದ ಸೋಪಿನ ಚೂರನ್ನು ಅಷ್ಟಷ್ಟೇ ತುರಿದು ಹಾಕಿ, ಮುಚ್ಚಳ ಬಿಗಿದು ಇಪ್ಪತ್ತು ಸಲ ಕುಲುಕಿ. ಯಾವುದರಲ್ಲಿ ನೊರೆ ಎದ್ದು ನಿಂತಿತು, ಯಾವುದರಲ್ಲಿ ಮೊಸರಿನಂಥ ಕರಣೆ ತೇಲಿತು ಎಂದು ನೋಡಿ ಬರೆದಿಟ್ಟುಕೊಳ್ಳಿ.