ನಗುನಗುತ್ತ ಕಲಿಸಿದ ಮಾಸ್ತರರು
(ಖಾನಾಪುರದಲ್ಲಿ ಮುಂಗಾರು ಬಿತ್ತನೆಗೆ ಮುನ್ನ ನಡೆದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಭತ್ತದ ಬಿತ್ತನೆಯ ಬಗ್ಗೆ ಎರಡು ಮಾತು ಹೇಳಲು ನನ್ನನ್ನು ಕರೆದಿದ್ದೀರಿ. ಈ ತಾಲ್ಲೂಕಿನಲ್ಲಿ ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದವರು ನಮ್ಮ ಕ್ಷೇತ್ರ ಸಹಾಯಕರು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನೀವೆಲ್ಲ ಅವರನ್ನು ‘ಮಾಸ್ತರ’ ಎಂದೇ ಕರೆಯುತ್ತಿದ್ದಿರಿ. ನಾನೂ ಹಾಗೆಯೇ ಕರೆಯುತ್ತೇನೆ.

ಅವರ ಮನೆ ಬೆಳಗಾವಿಯಲ್ಲಿ. ಮುಂಜಾನೆಯ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಿದ್ದರು. ಕಣಕುಂಬಿ, ಜಾಂಬೋಟಿ ಕಡೆ ಮರಾಠಿಯಲ್ಲಿ, ಇಟಗಿ, ಕಕ್ಕೇರಿ ಕಡೆ ಕನ್ನಡದಲ್ಲಿ, ಎರಡರಲ್ಲೂ ಅಷ್ಟೇ ಸಲೀಸಾಗಿ ನಗೆಯಾಡುತ್ತಿದ್ದರು. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ವಿಪರೀತ. ಪೂರ್ವಕ್ಕೆ ಬಂದಂತೆ ಕಡಿಮೆ. ಆದ್ದರಿಂದ ಒಂದೇ ಸಲಹೆಯನ್ನು ತಾಲ್ಲೂಕಿಗೆಲ್ಲ ಅವರು ಹೇಳುತ್ತಿರಲಿಲ್ಲ. ಮೊದಲು ‘ನಿಮ್ಮಲ್ಲಿ ಮಳೆ ಹೆಂಗರಿ?’ ಎಂದು ಕೇಳುತ್ತಿದ್ದರು.

ಬೀಜ ಆರಿಸುವುದನ್ನು ಅವರು ಕಲಿಸಿದ ರೀತಿ ನಿಮಗೆ ನೆನಪಿರಬಹುದು. ಬಕೆಟ್ಟಿನ ನೀರಿನಲ್ಲಿ ತಾಜಾ ಕೋಳಿಮೊಟ್ಟೆ ಬಿಟ್ಟು, ಅದು ಮೇಲೆ ತೇಲುವವರೆಗೆ ಉಪ್ಪು ಕರಗಿಸಬೇಕು. ಆಮೇಲೆ ಮೊಟ್ಟೆ ತೆಗೆದು ಭತ್ತ ಸುರಿಯಬೇಕು. ತೇಲಿದ ಜೊಳ್ಳನ್ನು ತೆಗೆದು, ತಳಕ್ಕಿಳಿದ ಗಟ್ಟಿ ಕಾಳನ್ನು ಒಳ್ಳೆಯ ನೀರಿನಲ್ಲಿ ಎರಡು-ಮೂರು ಸಲ ತೊಳೆದು ನೆರಳಿನಲ್ಲಿ ಆರಿಸಬೇಕು. ‘ಹೆಚ್ಚು ತೇಲಾಡವರು ಹೊಲಕ್ಕೂ ಬ್ಯಾಡ, ಊರಿಗೂ ಬ್ಯಾಡ’ ಎಂದು ಅವರು ಹೇಳಿದರೆ ಸಭೆಯೆಲ್ಲ ನಗುತ್ತಿತ್ತು. ಮರುದಿನ ಮನೆಮನೆಯಲ್ಲಿ ಮೊಟ್ಟೆ ಬಕೆಟ್ಟಿಗೆ ಬೀಳುತ್ತಿತ್ತು.

ಅವರ ನಗೆಯಿಂದ ಆಗುತ್ತಿದ್ದ ದೊಡ್ಡ ಕೆಲಸ ಬೇರೆಯೇ ಇತ್ತು. ಒಂದು ವರ್ಷ ತೆನೆ ಹೊರಬಂದ ಮೇಲೆ ಒಬ್ಬ ರೈತರ ಗದ್ದೆಗೆ ಬೆಂಕಿ ರೋಗ ತಗುಲಿತು. ತೆನೆಯ ಕುತ್ತಿಗೆ ಕಪ್ಪಾಗಿ ಮುರಿದು, ಕಾಳು ಜೊಳ್ಳಾಗಿತ್ತು. ಯೂರಿಯಾ ಎಷ್ಟು ಹಾಕಿದಿರಿ ಎಂದು ನಾನು ಕೇಳಿದೆ. ‘ನೀವು ಹೇಳಿದಷ್ಟೇ ಸಾಹೇಬ್ರ’ ಎಂದರು. ಮಾಸ್ತರರು ಏನೂ ಕೇಳಲಿಲ್ಲ. ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿ, ಅರ್ಧ ರೊಟ್ಟಿಯನ್ನು ಅವರ ಕೈಗಿಟ್ಟು, ಮಕ್ಕಳ ಸುದ್ದಿ, ಎತ್ತಿನ ಸುದ್ದಿ ತೆಗೆದರು. ರೊಟ್ಟಿ ಮುಗಿಯುವುದರೊಳಗೆ ಆ ರೈತರೇ ಹೇಳಿದರು: ‘ಬಾಜೂದವನ ಗದ್ದಿ ಹಸರ ಕಾಣತಿತ್ತರಿ ಮಾಸ್ತರ, ನಾನೂ ಇನ್ನೊಂದು ಚೀಲ ಒಗದೆ.’ ಸಾರಜನಕ ಮಿತಿಮೀರಿದರೆ ಬೆಂಕಿ ರೋಗ ಹೆಚ್ಚುತ್ತದೆಂದು ಪುಸ್ತಕದಲ್ಲಿದೆ. ಆ ಗದ್ದೆಗೆ ಬಿದ್ದ ಹೆಚ್ಚಿನ ಚೀಲದ ಲೆಕ್ಕ ಯಾವ ಪುಸ್ತಕದಲ್ಲಿದೆ? ಅದನ್ನು ರೈತರೇ ಹೇಳಬೇಕು. ಅಂಜಿಕೆ ಇದ್ದಲ್ಲಿ ಯಾರೂ ಹೇಳುವುದಿಲ್ಲ. ಮಾಸ್ತರರು ಅಂದು ಅವರನ್ನು ಬೈಯಲಿಲ್ಲ. ‘ಮುಂದಿನ ವರ್ಷ ಯೂರಿಯಾ ಕಂತುಕಂತಾಗಿ ಹಾಕೋಣ, ಮಣ್ಣು ಪರೀಕ್ಷೆ ಮಾಡಿಸೋಣ’ ಎಂದು ಬೆನ್ನು ತಟ್ಟಿ ಎದ್ದರು.

ಇನ್ನು ಕೆಲವೇ ದಿನಗಳಲ್ಲಿ ನೀವು ಕೂರಿಗೆ ಹೂಡುತ್ತೀರಿ. ಕೂರಿಗೆ ಬಿತ್ತನೆಯಲ್ಲಿ ಭತ್ತವೂ ಕಳೆಯೂ ಕೂಡಿಯೇ ಏಳುತ್ತವೆ. ಸಾಲು ನೆಟ್ಟಗಿದ್ದರೆ ಮಾತ್ರ ಎಡೆಕುಂಟೆ ಸರಾಗವಾಗಿ ಹಾಯುತ್ತದೆ. ಮೊದಲ ಸಾಲು ಹಿಡಿಯುವಾಗ ಮಾಸ್ತರರು ಬದುವಿನ ಮೇಲೆ ನಿಂತು ಕೂಗಿ ಹುರಿದುಂಬಿಸುತ್ತಿದ್ದರು. ಈ ವರ್ಷ ಆ ಕೂಗು ಕೇಳುವುದಿಲ್ಲ.

ಅವರ ಜಾಗಕ್ಕೆ ನಾಳೆ ಯಾರಾದರೂ ಹೊಸ ಹುಡುಗರು ಬಂದಾರು. ಅವರಿಗೆ ನಿಮ್ಮ ಹೊಲದ ಗುರುತಿರುವುದಿಲ್ಲ. ಮಾಸ್ತರರಿಗೆ ಹೇಳುತ್ತಿದ್ದಂತೆ ಅವರಿಗೂ ಇದ್ದದ್ದು ಇದ್ದಂತೆ ಹೇಳಿರಿ. ಅವರ ಜೊತೆ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಬೇಕೆಂದು ನಮ್ಮವರಿಗೆ ನಾನು ಹೇಳುತ್ತೇನೆ.

ಈಗ ಬಕೆಟ್ಟು, ಉಪ್ಪು, ಮೊಟ್ಟೆ ತರಿಸಿದ್ದೇವೆ. ಬೀಜ ತಂದವರು ಮುಂದೆ ಬರಬೇಕು.