ಪೌಂಡಿನ ಚಿಹ್ನೆಯ ಹಿಂದೆ ಕನ್ನಡ



ಬಾತಿನಾ ಕರಾವಳಿಯ ಈ ಸುವೈಕ್‌ಗೆ ಕನ್ನಡ ಪುಸ್ತಕ ಬರುವುದು ಊರಿಗೆ ಹೋಗಿಬಂದವರ ಪೆಟ್ಟಿಗೆಯಲ್ಲಿ, ಇಲ್ಲವೇ ಮೊಬೈಲಿನ ಪರದೆಯ ಮೇಲೆ. ಪೆಟ್ಟಿಗೆಗೆ ತೂಕದ ಮಿತಿಯುಂಟು, ಪರದೆಗೆ ಅದಿಲ್ಲ. ಆದುದರಿಂದ ಪರದೆಯ ಮೇಲಾದರೂ ಕಣ್ಣು ಕಾಣದವರಿಗೂ ಕಾಣುವವರಿಗೂ ಓದು ಸಮಾನವಾಗಿ ದೊರೆಯಬೇಕಿತ್ತು. ದೊರೆತಿಲ್ಲ.

ಕಾರಣವಿರುವುದು ಕನ್ನಡ ಪ್ರಕಾಶನದ ಹಳೆಯ ಅಭ್ಯಾಸದಲ್ಲಿ. ಡಿಟಿಪಿ ಕೇಂದ್ರಗಳಲ್ಲಿ ಬಳಸುತ್ತ ಬಂದ ಹಳೆಯ ನುಡಿ ಫಾಂಟುಗಳು ಕನ್ನಡದ ಆಕಾರವನ್ನಷ್ಟೇ ತೋರಿಸುತ್ತವೆ. 'ಕ'ಕಾರದ ಹಿಂದೆ ಕುಳಿತಿರುವುದು ಇಂಗ್ಲಿಷಿನ 'ಪಿ'. 'ನ'ಕಾರದ ಹಿಂದೆ ಬ್ರಿಟಿಷ್ ಪೌಂಡಿನ ಚಿಹ್ನೆ! ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎಯಂಥ ತಂತ್ರಾಂಶಕ್ಕೆ ದಕ್ಕುವುದು ಆಕಾರವಲ್ಲ, ಆ ಸಂಕೇತ. ಹೀಗಾಗಿ ಸಮಾನತೆಯನ್ನು ಕುರಿತ ಲೇಖನವೂ ಅಂಧ ಓದುಗರ ಕಿವಿಗೆ ಅರ್ಥವಿಲ್ಲದ ಗೋಜಲಾಗಿ ಬೀಳುತ್ತದೆ. ಕವಿತೆಯನ್ನು ಸೂರ್ಯಾಸ್ತದ ಚಿತ್ರದ ಮೇಲೆ ಬರೆದು ವಾಟ್ಸಾಪ್‌ನಲ್ಲಿ ಹಂಚಿದರೂ ಫಲ ಬೇರೆಯಲ್ಲ. ಪ್ರಗತಿಪರ ಕವಿಗಳೂ ಇದಕ್ಕೆ ಹೊರತಲ್ಲ.

ಗದುಗಿನ ಪುಟ್ಟರಾಜ ಗವಾಯಿಗಳು (1914–2010) ದೃಷ್ಟಿಯಿಲ್ಲದೆಯೇ ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಕೃತಿ ರಚಿಸಿದರು. ನಾಡು ಅವರನ್ನು ಪೂಜಿಸಿತು. ಆದರೆ ಅಂಧರನ್ನು ಸಾಧಕರೆಂದು ಪೂಜಿಸುವುದು ಸುಲಭ, ಓದುಗರೆಂದು ಎಣಿಸುವುದು ಕಷ್ಟ.

ಹಕ್ಕುಸ್ವಾಮ್ಯದ ನೆಪಕ್ಕೂ ಈಗ ಬಲವಿಲ್ಲ. ಅಂಗವಿಕಲರಿಗಾಗಿ ಕೃತಿಯನ್ನು ಅವರು ಓದಬಲ್ಲ ರೂಪಕ್ಕೆ ತರಲು ಭಾರತದ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿತು. 2013ರಲ್ಲಿ ಅಂಗೀಕೃತವಾದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶವೂ ಭಾರತವೇ. 2016ರ ಸೆಪ್ಟೆಂಬರ್ 30ರಂದು ಜಾರಿಗೆ ಬಂದ ಆ ಒಪ್ಪಂದ, ಸದಸ್ಯ ದೇಶಗಳ ನಡುವೆ ಇಂಥ ಪ್ರತಿಗಳು ಗಡಿ ದಾಟಲು ದಾರಿ ತೆರೆದಿದೆ. ಅದು ಅಂಧರಿಗಷ್ಟೇ ಸೀಮಿತವಲ್ಲ: ಪುಸ್ತಕ ಹಿಡಿಯಲಾಗದವರು, ಪುಟ ತಿರುವಲಾಗದವರು ಅದರ ವ್ಯಾಪ್ತಿಯಲ್ಲಿದ್ದಾರೆ. ಕಾನೂನು ಇಷ್ಟು ದೂರ ನಡೆದಿದ್ದರೂ ಕನ್ನಡದ ಕಡತಗಳು ನಿಂತಲ್ಲೇ ನಿಂತಿವೆ.

ಹಳೆಯ ಕಡತವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನ ತಪ್ಪುವುದರಿಂದ ಕರಡು ತಿದ್ದುವವರು ಬೇಕು. ಆ ಕೆಲಸಕ್ಕೆ ಬೆಂಗಳೂರಿನಲ್ಲಿ ಇರಬೇಕೆಂದೇನಿಲ್ಲ. ಹೀಗೆ ತಿದ್ದಿದ ಪಠ್ಯವನ್ನು, ಕನ್ನಡ ಆಡಬಲ್ಲ ಆದರೆ ಅಕ್ಷರ ಕಲಿಯದ ವಲಸಿಗರ ಮಕ್ಕಳೂ ಕೇಳಬಹುದು. ಮುಂದಿನ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಲೇಖಕರು ಪ್ರಕಾಶಕರಿಂದ ಯೂನಿಕೋಡ್ ಪ್ರತಿಯೊಂದನ್ನು ಕೇಳಿ ಪಡೆಯಲಿ. ಮುದ್ರಣ ಮುಗಿದುಹೋಗಿರುವ ತಮ್ಮ ಹಳೆಯ ಪುಸ್ತಕಗಳ ಕಡತಗಳನ್ನು ಶುಕ್ರವಾರದ ಬಿಡುವಿನಲ್ಲಿ ತಿದ್ದಬಲ್ಲವರ ಕೈಗೊಪ್ಪಿಸಲಿ.