ಬಿಟ್ಟುಹೋದ ಪದಗಳು, ಕೂಡಿ ಓದುವ ಜನ
(ಬಳಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತು)



ನನಗೆ ಕೊಟ್ಟಿರುವ ವಿಷಯ, ಹೊಸದಾಗಿ ಐತಿಹಾಸಿಕ ಕಾದಂಬರಿ ಬರೆದವರು ಓದುಗರನ್ನು ಹೇಗೆ ಮುಟ್ಟುತ್ತಾರೆ ಎಂಬುದು. ನಾನು ಸಾಹಿತ್ಯ ಓದಿದವನಲ್ಲ. ಸರಕಾರಿ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನು. ಇಲ್ಲಿ ಮೆಲ್ಬರ್ನ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಸೈಟ್‌ನಲ್ಲಿರಬೇಕು. ಹಾಗಾಗಿ ವಿಮರ್ಶೆ ಮಾಡೋಕೆ ಹೋಗಲ್ಲ. ಒಂದು ಪುಸ್ತಕ ಜನರ ಕೈಗೆ ಹೇಗೆ ಹೋಯ್ತು, ಅದರಿಂದ ನಮಗೇನು ಉಪಯೋಗ, ಇಷ್ಟು ಹೇಳ್ತೀನಿ.

ಆ ಪುಸ್ತಕ ‘ದಿ ಡಿಕ್ಷನರಿ ಆಫ್ ಲಾಸ್ಟ್ ವರ್ಡ್ಸ್’. ಬರೆದವರು ಪಿಪ್ ವಿಲಿಯಮ್ಸ್. ಹುಟ್ಟಿದ್ದು ಲಂಡನ್ನಿನಲ್ಲಿ, ಬೆಳೆದದ್ದು ಸಿಡ್ನಿಯಲ್ಲಿ, ಈಗ ಇರೋದು ಅಡಿಲೇಡ್ ಪಕ್ಕದ ಗುಡ್ಡಗಳಲ್ಲಿ. ಇದು ಅವರ ಮೊದಲ ಕಾದಂಬರಿ. ಪ್ರಕಟಿಸಿದ್ದು ನಮ್ಮ ಮೆಲ್ಬರ್ನ್‌ನ ಅಫರ್ಮ್ ಪ್ರೆಸ್. ಅವರಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಅಕ್ಷರ ಕೂಡಿಸೋದೇ ಕಷ್ಟ. ಅಂಥವರು ನಿಘಂಟಿನ ಮೇಲೆ ಕಾದಂಬರಿ ಬರೆದರು ಅನ್ನೋದೇ ನನಗೆ ಮೊದಲು ಹಿಡಿಸಿದ ಸಂಗತಿ.

ಕಥೆ ನಡೆಯೋದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಜೇಮ್ಸ್ ಮರ್ರೆ ಎಂಬವರು ದೊಡ್ಡ ಇಂಗ್ಲಿಷ್ ನಿಘಂಟು ಮಾಡುತ್ತಿದ್ದ ಕಾಲ. ಈ ಮರ್ರೆ ದರ್ಜಿಯ ಮಗ, ಹದಿನಾಲ್ಕು ವರ್ಷಕ್ಕೇ ಶಾಲೆ ಬಿಟ್ಟವರು. ಮನೆಯ ತೋಟದಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡು ಕೆಲಸ ಮಾಡಿದರು. 1879ರಲ್ಲಿ ಸಾಮಾನ್ಯ ಓದುಗರಿಗೇ ಮನವಿ ಮಾಡಿದರು: ನೀವು ಓದುವ ಪುಸ್ತಕದಲ್ಲಿ ಸಿಕ್ಕ ಪದವನ್ನು, ಅದು ಬಂದ ವಾಕ್ಯದ ಸಮೇತ ಚೀಟಿಯಲ್ಲಿ ಬರೆದು ಕಳಿಸಿ ಅಂತ. ಲಕ್ಷಗಟ್ಟಲೆ ಚೀಟಿ ಬಂದವು. ಮೊದಲ ಕಂತು 1884ರಲ್ಲಿ ಅಚ್ಚಾಯ್ತು, ಕೊನೆಯದು 1928ರಲ್ಲಿ. ಮುಗಿಯೋದನ್ನು ನೋಡೋಕೆ ಮರ್ರೆ ಬದುಕಿರಲಿಲ್ಲ.

ಇಷ್ಟು ಹುಷಾರಾಗಿ ಮಾಡಿದ ನಿಘಂಟಿನಲ್ಲಿ ಒಂದು ಪದ ತಪ್ಪಿಹೋಯ್ತು. ‘ಬಾಂಡ್‌ಮೇಡ್’. ನಮ್ಮ ಭಾಷೆಯಲ್ಲಿ ಹೇಳೋದಾದರೆ ತೊತ್ತು, ಜೀತದ ಹೆಣ್ಣಾಳು. ಅದರ ಚೀಟಿ ಎಲ್ಲೋ ಕಳೆದುಹೋಗಿತ್ತು. ಇದು ನಿಜವಾಗಿ ನಡೆದದ್ದು. ಇಲ್ಲಿಂದ ಲೇಖಕಿ ಕಲ್ಪನೆ ಶುರುಮಾಡುತ್ತಾರೆ. ಎಸ್ಮಿ ಎಂಬ ಹುಡುಗಿ, ನಿಘಂಟಿನ ಕೆಲಸದವರೊಬ್ಬರ ಮಗಳು, ಮೇಜಿನ ಕೆಳಗೆ ಕೂತಿರುವಾಗ ಆ ಚೀಟಿ ಬೀಳುತ್ತೆ, ಅವಳು ಎತ್ತಿ ಇಟ್ಟುಕೊಳ್ಳುತ್ತಾಳೆ. ದೊಡ್ಡವಳಾದ ಮೇಲೆ ಅವಳಿಗೆ ಗೊತ್ತಾಗುತ್ತೆ, ಪುಸ್ತಕದಲ್ಲಿ ಬರೆದಿಟ್ಟ ಪದಕ್ಕೆ ಮಾತ್ರ ಅಲ್ಲಿ ಜಾಗ. ಪುಸ್ತಕ ಬರೆದವರು ಹೆಚ್ಚಾಗಿ ಗಂಡಸರು, ಅದರಲ್ಲೂ ಓದಿದವರು. ಮನೆಗೆಲಸದವಳ ಮಾತು, ಸಂತೆಯಲ್ಲಿ ಮಾರುವ ಮುದುಕಿಯ ಮಾತು ಯಾರ ಚೀಟಿಗೂ ಬಂದಿಲ್ಲ. ಅವನ್ನು ಅವಳು ತಾನೇ ಬರೆದುಕೊಳ್ಳೋಕೆ ಹೋಗುತ್ತಾಳೆ. ಮುಂದಿನದು ನೀವೇ ಓದಿ.

ಈಗ ವಿಷಯಕ್ಕೆ ಬರ್ತೀನಿ. ಪುಸ್ತಕ ಹೊರಬಂದದ್ದು 2020ರ ಮಾರ್ಚ್ ಕೊನೆಗೆ. ಆ ದಿನಗಳು ನಿಮಗೆಲ್ಲ ನೆನಪಿದೆ. ಸಭೆ ಇಲ್ಲ, ಸಮಾರಂಭ ಇಲ್ಲ. ಮೆಲ್ಬರ್ನ್ ಒಂದೇ ಊರು ಎಲ್ಲ ಸೇರಿ 262 ದಿನ ಬೀಗ ಹಾಕಿಕೊಂಡಿತ್ತು. ಹೆಸರಿಲ್ಲದ ಹೊಸ ಲೇಖಕಿಗೆ ಇದಕ್ಕಿಂತ ಕೆಟ್ಟ ಮುಹೂರ್ತ ಬೇಕಾ? ಆದರೂ ಪುಸ್ತಕ ಓಡಿತು. ಓದಿದವರು ಪಕ್ಕದವರಿಗೆ ಹೇಳಿದರು. ಬುಕ್ ಕ್ಲಬ್‌ಗಳು ಜೂಮ್‌ನಲ್ಲಿ ಕೂತು ಮಾತಾಡಿದವು. 2022ರಲ್ಲಿ ಅಮೆರಿಕದ ನಟಿ ರೀಸ್ ವಿದರ್‌ಸ್ಪೂನ್ ಅವರ ಬುಕ್ ಕ್ಲಬ್ಬೂ ಅದನ್ನು ಆರಿಸಿತು. 2023ರಲ್ಲಿ ನಾಟಕವಾಗಿ ಅಡಿಲೇಡ್‌ನಲ್ಲಿ, ಆಮೇಲೆ ಸಿಡ್ನಿಯ ಒಪೆರಾ ಹೌಸ್‌ನಲ್ಲಿ ಆಡಿದರು. ಅದೇ ವರ್ಷ ಲೇಖಕಿಯ ಎರಡನೇ ಕಾದಂಬರಿ ಬಂತು. ಅದರ ನಾಯಕಿ ಪುಸ್ತಕ ಬೈಂಡಿಂಗ್ ಮಾಡುವ ಕೆಲಸದವಳು. ಅವಳ ಕೆಲಸ ಹಾಳೆ ಮಡಚೋದು, ಓದೋದಲ್ಲ. ಆದರೆ ಅವಳಿಗೆ ಓದುವ ಹಸಿವು. ನಮ್ಮಂಥವರ ಕಥೆ ಅಂತಲೇ ಇಟ್ಟುಕೊಳ್ಳಿ.

ಬುಕ್ ಕ್ಲಬ್ ಅಂದರೆ ದೊಡ್ಡವರ ಆಟ, ವೈನ್ ಗ್ಲಾಸ್ ಹಿಡಿದು ಮಾತಾಡೋದು ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಹಾಗೇನಿಲ್ಲ. ಇಲ್ಲಿನ ಅನೇಕ ಕೌನ್ಸಿಲ್ ಲೈಬ್ರರಿಗಳಲ್ಲಿ ಒಂದೇ ಪುಸ್ತಕದ ಹಲವು ಪ್ರತಿಗಳನ್ನು ಒಂದು ಚೀಲದಲ್ಲಿ ಹಾಕಿ ಗುಂಪಿಗೆ ಅಂತಲೇ ಕೊಡುತ್ತಾರೆ. ಮೆಂಬರ್ ಆಗೋಕೆ ದುಡ್ಡಿಲ್ಲ. ಚರ್ಚೆಗೆ ಪ್ರಶ್ನೆಗಳೂ ಸಿಗುತ್ತವೆ. ನನಗೆ ಇಂಗ್ಲಿಷ್ ಓದೋದು ನಿಧಾನ. ಅದಕ್ಕೆ ಲೈಬ್ರರಿ ಆ್ಯಪ್‌ನಲ್ಲಿ ಆಡಿಯೋ ಹಾಕಿಕೊಂಡು ಗಾಡಿಯಲ್ಲಿ ಕೇಳ್ತೀನಿ, ಮನೆಗೆ ಬಂದು ಪುಸ್ತಕದಲ್ಲಿ ಅದೇ ಪುಟ ನೋಡ್ತೀನಿ. ವೆಸ್ಟ್ ಗೇಟ್ ಸೇತುವೆ ಮೇಲಿನ ಟ್ರಾಫಿಕ್ಕಿಗೂ ಒಂದು ಉಪಯೋಗ ಆಯ್ತು.

ಐತಿಹಾಸಿಕ ಕಾದಂಬರಿಗೆ ಈ ಕೂಟಗಳು ಯಾಕೆ ಒಗ್ಗುತ್ತವೆ? ಓದಿದವನಿಗೆ ಮೊದಲು ಬರುವ ಪ್ರಶ್ನೆ, ಇದು ನಿಜವಾಗಿ ನಡೆದದ್ದಾ ಅನ್ನೋದು. ಆ ಪ್ರಶ್ನೆ ಒಬ್ಬನೇ ಕೂತರೆ ಬಗೆಹರಿಯಲ್ಲ. ಒಬ್ಬರು ಒಂದು ಹೇಳ್ತಾರೆ, ಇನ್ನೊಬ್ಬರು ‘ನಮ್ಮಜ್ಜಿ ಹೀಗೆ ಹೇಳ್ತಿದ್ದರು’ ಅಂತಾರೆ. ಮಾತು ಬೆಳೆಯುತ್ತೆ.

ಇದು ನಮಗೆ ಹೊಸದೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಗಮಕ ಅಂತ ಇತ್ತು. ಒಬ್ಬರು ಕುಮಾರವ್ಯಾಸ ಭಾರತ ಹಾಡಿ ಓದೋರು, ಇನ್ನೊಬ್ಬರು ಅರ್ಥ ಹೇಳೋರು. ಅಕ್ಷರ ಬಾರದವರೂ ಕಟ್ಟೆ ಮೇಲೆ ಕೂತು ಕೇಳಿ, ತಪ್ಪಿದರೆ ತಿದ್ದೋರು. ಅದು ಬುಕ್ ಕ್ಲಬ್ ಅಲ್ಲದೆ ಮತ್ತೇನು? ಓದುಗರನ್ನು ಹುಡುಕಿಕೊಂಡು ಹೋಗೋದರಲ್ಲಿ ನಮ್ಮ ಹಾವೇರಿ ಕಡೆಯ ಗಳಗನಾಥರನ್ನು ಮರೆಯೋಹಾಗಿಲ್ಲ. 1869ರಲ್ಲಿ ಹುಟ್ಟಿದ ಶಾಲಾ ಮಾಸ್ತರರು ಅವರು. ವಿಜಯನಗರ ಕಟ್ಟಿದ ಕಥೆಯನ್ನು ‘ಮಾಧವ ಕರುಣಾ ವಿಲಾಸ’ ಅಂತ ಕಾದಂಬರಿ ಮಾಡಿದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಜೂಮ್ ಇರಲಿಲ್ಲ, ಕಾಲಿತ್ತು. ಇನ್ನು ‘ಶಾಂತಲಾ’ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕಸರತ್ತಿನ ಮಾಸ್ತರು. ಕೈಕೆಲಸದವರಿಗೆ, ಮೈಕೆಲಸದವರಿಗೆ ಇತಿಹಾಸ ದೂರ ಅಂತ ಯಾರು ಹೇಳಿದರು?

ಈಗ ನಮ್ಮ ಮನೆ ವಿಷಯ. ನಮ್ಮ ಮಕ್ಕಳು ಕನ್ನಡ ಮಾತಾಡ್ತಾರೆ, ಓದಲ್ಲ. ಊರಿಂದ ಬರುವಾಗ ಸೂಟ್‌ಕೇಸ್ ತೂಕ ಹೆಚ್ಚಾದರೆ ಮೊದಲು ಹೊರಗೆ ತೆಗೆಯೋದು ಪುಸ್ತಕ, ಚಟ್ನಿಪುಡಿ ಅಲ್ಲ. ಇನ್ನು ಹತ್ತು ವರ್ಷಕ್ಕೆ ಈ ವಾರ್ಷಿಕ ಸಂಚಿಕೆಯನ್ನೇ ಓದೋರು ಯಾರು? ನನಗೆ ಹೆದರಿಕೆ ಇರೋದು ಅಕ್ಷರ ಹೋಗುತ್ತೆ ಅಂತ ಮಾತ್ರ ಅಲ್ಲ. ನಮ್ಮ ಪದಗಳು ಹೋಗುತ್ತವೆ. ನಮ್ಮೂರಲ್ಲಿ ರೈತ ಟ್ರಾನ್ಸ್‌ಫಾರ್ಮರ್ ಅನ್ನಲ್ಲ, ‘ಟಿ.ಸಿ. ಸುಟ್ಟೈತ್ರೀ’ ಅಂತಾನೆ. ಆ ಎರಡಕ್ಷರದೊಳಗೆ ಅವನ ಒಣಗುತ್ತಿರುವ ಬೆಳೆ ಇದೆ. ನಮ್ಮವ್ವ ‘ಮುಯ್ಯಾಳು’ ಅಂತಾಳೆ: ಇವತ್ತು ನಾನು ನಿನ್ನ ಹೊಲಕ್ಕೆ ಬಂದೆ, ನಾಳೆ ನೀನು ನನ್ನ ಹೊಲಕ್ಕೆ ಬರಬೇಕು, ದುಡ್ಡಿನ ಮಾತಿಲ್ಲ. ಇಲ್ಲಿ ನಾವು ಒಬ್ಬರ ಮನೆ ಸಾಮಾನು ಇನ್ನೊಬ್ಬರು ಎತ್ತಿ ಕೊಡೋದೂ ಅದೇ ತಾನೆ? ಆದರೆ ಆ ಪದ ನನ್ನ ಮಗಳಿಗೆ ಗೊತ್ತಿಲ್ಲ. ಕಿಟ್ಟೆಲ್ ಸಾಹೇಬರು 1894ರಲ್ಲಿ ದೊಡ್ಡ ಕನ್ನಡ ನಿಘಂಟು ಕೊಟ್ಟರು. ಆದರೆ ನಮ್ಮ ನಮ್ಮ ಅವ್ವಂದಿರ ಬಾಯಲ್ಲಿರೋದನ್ನು ಬರೆದುಕೊಳ್ಳೋಕೆ ಇನ್ನೊಬ್ಬ ಸಾಹೇಬ ಬರೋದಿಲ್ಲ. ನಾವೇ ಮಾಡಬೇಕು.

ಅದಕ್ಕೆ ಸಭೆಯ ಮುಂದೆ ಮೂರು ಮಾತು ಇಡ್ತೀನಿ. ಒಂದು, ತಿಂಗಳಿಗೊಂದು ಭಾನುವಾರ ಸಂಜೆ ಕೂಡೋಣ, ಸಿಡ್ನಿಯವರು ಜೂಮ್‌ನಲ್ಲಿ ಬರಲಿ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಓದೋಕೆ ಬಾರದ ಮಕ್ಕಳಿಗೂ ಕಿವಿ ಇದೆ. ಶಿಫ್ಟ್ ಇರೋರು ರೆಕಾರ್ಡಿಂಗ್ ಕೇಳಿಕೊಳ್ಳಲಿ. ಎರಡು, ಮೊದಲ ಪುಸ್ತಕವಾಗಿ ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ ತಗೊಳ್ಳೋಣ. 2019ರಲ್ಲಿ ಬಂದದ್ದು. ಒಂದು ಕಡೆ ಲಿಸ್ಬನ್, ಇನ್ನೊಂದು ಕಡೆ ವಿಜಯನಗರ. ಹೊಟ್ಟೆಪಾಡಿಗೆ ಸಮುದ್ರ ದಾಟೋರ ಕಥೆ ನಮಗೆ ಬೇರೆಯವರು ಬಿಡಿಸಿ ಹೇಳಬೇಕಿಲ್ಲ. ಮೂರು, ಬರುವಾಗ ಪ್ರತಿಯೊಬ್ಬರೂ ಒಂದು ಚೀಟಿ ತರಬೇಕು. ನಿಮ್ಮ ಕೆಲಸದ್ದೋ, ನಿಮ್ಮ ಅವ್ವಂದೋ ಒಂದು ಪದ, ಅದರ ಅರ್ಥ, ಅದು ಬರುವ ಒಂದು ಮಾತು. ಗಾರೆ ಕೆಲಸದವರು, ಅಡುಗೆಯವರು, ಟ್ರಕ್ ಓಡಿಸೋರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡೋ ಅಕ್ಕಂದಿರು, ಎಲ್ಲರೂ. ಅವನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.

ನನ್ನ ಚೀಟಿ ಈಗಲೇ ಕೊಟ್ಟುಬಿಡ್ತೀನಿ, ಕಾರ್ಯದರ್ಶಿಗಳು ಇಸ್ಕೊಳ್ಳಬೇಕು. ‘ಮುಯ್ಯಾಳು’ ಅಂತ ಬರೆದೀನಿ.